ಉಳಿದ ಹೊತ್ತು ಯಾರ ಪಾಲು?

ನಮ್ಮ ಮನೆಯ ಹಿತ್ತಲಿನಲ್ಲಿ ಒಂದು ಒರಳುಕಲ್ಲು ಇದೆ. ಅದರ ಗುಂಡು ಯಾವಾಗಲೋ ಯಾರದೋ ಮನೆ ಸೇರಿತು. ಮಳೆ ಬಂದರೆ ಗುಳಿಯಲ್ಲಿ ನೀರು ನಿಂತು ಗುಬ್ಬಿಗಳು ಮೀಯುತ್ತವೆ. ಮೊಳಕಾಲ್ಮುರು ತಾಲ್ಲೂಕಿನಲ್ಲಿ ಮಳೆ ಬರುವುದೆಷ್ಟು, ಅವು ಮೀಯುವುದೆಷ್ಟು ಎಂದು ಮಾತ್ರ ಕೇಳಬೇಡಿ. ಮಿಕ್ಸಿ ಮನೆಗೆ ಬಂದ ದಿನ ನಮ್ಮತ್ತೆ, “ಇನ್ನು ನಿನ್ನ ರಟ್ಟೆಗೆ ಬಿಡುವು ಬಿಡವ್ವಾ” ಎಂದಿದ್ದರು. ರಟ್ಟೆಗೆ ಬಿಡುವು ಸಿಕ್ಕಿತು, ಸುಳ್ಳು ಹೇಳಲಾರೆ. ಆದರೆ ನನಗೆ ಸಿಕ್ಕಿತೇ? ಅದುವರೆಗೆ ದೋಸೆ ಎಂದರೆ ಹಬ್ಬಕ್ಕೋ ನೆಂಟರು ಬಂದಾಗಲೋ ಮಾಡುವ ತಿಂಡಿ. ಉಳಿದಂತೆ ಮುದ್ದೆ, ರೊಟ್ಟಿ, ಅನ್ನ. ಮಿಕ್ಸಿ ಬಂದ ಆರು ತಿಂಗಳಲ್ಲಿ ದೋಸೆ ವಾರಕ್ಕೆ ಮೂರು ದಿನ ಆಯಿತು, ಅದಕ್ಕೆ ಎರಡು ಬಗೆಯ ಚಟ್ನಿ. ಹೀಗೆ ಮಾಡೆಂದು ಮನೆಯಲ್ಲಿ ಯಾರೂ ಅಪ್ಪಣೆ ಕೊಡಲಿಲ್ಲ. “ಹೇಗೂ ಮಿಕ್ಸಿ ಅರೀತದಲ್ಲ” ಎಂಬ ಒಂದು ಮಾತು ಸಾಕಾಯಿತು. ನಿಮ್ಮ ಮನೆಗಳಲ್ಲಿಯೂ ಹೀಗೇ ಆಗಿರಬೇಕು.

ಇದು ನಮ್ಮ ದೇಶದ ಸಂಗತಿ ಮಾತ್ರವಲ್ಲ. ಅಮೆರಿಕದಲ್ಲಿ ರೂತ್ ಶ್ವಾರ್ಟ್ಜ್ ಕೋವನ್ ಎಂಬ ಇತಿಹಾಸಕಾರ್ತಿ ಈ ವಿಷಯವನ್ನೇ ಹಿಡಿದು 1983ರಲ್ಲಿ ಒಂದು ದೊಡ್ಡ ಪುಸ್ತಕ ಬರೆದಿದ್ದಾರೆ. ಗ್ಯಾಸ್ ಒಲೆ, ಬಟ್ಟೆ ಒಗೆಯುವ ಯಂತ್ರ, ಧೂಳು ಹೀರುವ ಯಂತ್ರ ಎಲ್ಲ ಬಂದ ಮೇಲೂ ಅಲ್ಲಿಯ ಗೃಹಿಣಿಯ ದುಡಿಮೆಯ ಗಂಟೆಗಳು ಅಂದುಕೊಂಡಷ್ಟು ಇಳಿಯಲಿಲ್ಲ ಎಂಬುದು ಅವರ ವಾದ. ಯಂತ್ರದಿಂದ ಕೆಲಸದ ಭಾರ ಇಳಿಯಿತು; ಜೊತೆಗೆ ಬಟ್ಟೆ ಇಷ್ಟು ಬೆಳ್ಳಗಿರಬೇಕು, ಊಟ ಇಷ್ಟು ಬಗೆಯಿರಬೇಕು ಎಂಬ ಅಳತೆ ಮೇಲೇರಿತು. ಮೊದಲು ಗಂಡಸರೋ ಮಕ್ಕಳೋ ಆಳುಗಳೋ ಮಾಡುತ್ತಿದ್ದ ಎಷ್ಟೋ ಕೆಲಸಗಳು ಯಂತ್ರದ ಜೊತೆ ಸೇರಿ ಒಬ್ಬಳ ಕೈಗೇ ಬಂದವು.

ಮಿಕ್ಸಿಯ ಕಥೆ ನಮಗೆಲ್ಲ ಹಳೆಯದು. ಈಚಿನ ವರ್ಷಗಳಲ್ಲಿ ಇದೇ ಕಥೆಯನ್ನು ನಾನು ಶಾಲೆಯ ಕಂಪ್ಯೂಟರಿನ ಮುಂದೆ ಕುಳಿತು ಮತ್ತೆ ನೋಡುತ್ತಿದ್ದೇನೆ. ಅದಕ್ಕೇ ಈ ಬರಹ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಏಪ್ರಿಲ್ ತಿಂಗಳು ಬಂತೆಂದರೆ ಶಿಕ್ಷಕರ ಕೊಠಡಿಯಲ್ಲಿ ಮೇಜಿನಷ್ಟಗಲದ ಹಾಳೆ ಹರಡುತ್ತಿತ್ತು. ಒಂದು ಕಡೆ ಮಕ್ಕಳ ಹೆಸರು, ಇನ್ನೊಂದು ಕಡೆ ವಿಷಯಗಳು. ಅಡ್ಡಲಾಗಿ ಕೂಡಬೇಕು, ಉದ್ದಕ್ಕೆ ಕೂಡಬೇಕು, ಮೂಲೆಯಲ್ಲಿ ಎರಡೂ ತಾಳೆಯಾಗಬೇಕು. ಒಂದು ಅಂಕ ಹೆಚ್ಚುಕಡಿಮೆ ಬಂದರೆ ಮುಗಿಯಿತು, ಆ ಒಂದನ್ನು ಹುಡುಕುತ್ತ ಸಂಜೆಯಾಗುತ್ತಿತ್ತು. ಮೂರು ದಿನದ ಕೆಲಸ. ಈಗ ಎಕ್ಸೆಲ್ ಹಾಳೆಯಲ್ಲಿ ಒಂದು ಚೌಕದಲ್ಲಿ ಸೂತ್ರ ಬರೆದು, ಮೌಸಿನಿಂದ ಮೂಲೆ ಹಿಡಿದು ಕೆಳಗೆಳೆದರೆ ಆಯಿತು. ಒಂದು ಮಗುವಿನ ಅಂಕ ತಿದ್ದಿದರೆ ಮೊತ್ತ, ಸರಾಸರಿ, ಶೇಕಡಾ ಎಲ್ಲವೂ ತಾವಾಗಿಯೇ ತಿದ್ದಿಕೊಳ್ಳುತ್ತವೆ. ಮೊದಲ ಸಲ ಇದನ್ನು ಕಂಡಾಗ ನನಗೆ ಕೈ ಮುಗಿಯಬೇಕೆನ್ನಿಸಿತ್ತು.

ಈ ಜಾತಿಯ ತಂತ್ರಾಂಶ ಹುಟ್ಟಿದ ಬಗೆಯನ್ನು ಓದಿದಾಗ ಇನ್ನೂ ಸಂತೋಷವಾಯಿತು. ಇದರ ಬೇರು ಇರುವುದು ಕಪ್ಪುಹಲಗೆಯಲ್ಲಿ! ಹಾರ್ವರ್ಡಿನಲ್ಲಿ ವ್ಯಾಪಾರ ಶಾಸ್ತ್ರ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್ ಎಂಬ ವಿದ್ಯಾರ್ಥಿ, ಮೇಷ್ಟ್ರು ಹಲಗೆಯ ಮೇಲೆ ಕೋಷ್ಟಕ ಬರೆದು ಲೆಕ್ಕ ಮಾಡುವುದನ್ನು ನೋಡುತ್ತಿದ್ದನಂತೆ. ಒಂದು ಅಂಕಿ ತಪ್ಪಿದರೆ ಮೇಷ್ಟ್ರು ಅದನ್ನು ಅವಲಂಬಿಸಿದ ಎಲ್ಲವನ್ನೂ ಅಳಿಸಿ ಮತ್ತೆ ಬರೆಯಬೇಕಾಗುತ್ತಿತ್ತು. ತಾನೇ ತಿದ್ದಿಕೊಳ್ಳುವ ಹಲಗೆಯೊಂದಿದ್ದರೆ ಎಂದು ಅವನಿಗೆ ಹೊಳೆಯಿತು. ಅವನೂ ಬಾಬ್ ಫ್ರಾಂಕ್ಸ್ಟನ್ ಎಂಬ ಗೆಳೆಯನೂ ಸೇರಿ 1979ರಲ್ಲಿ ವಿಸಿಕ್ಯಾಲ್ಕ್ ಎಂಬುದನ್ನು ಹೊರತಂದರು. ಜಗತ್ತಿನ ಲೆಕ್ಕಾಚಾರವನ್ನೆಲ್ಲ ಬದಲಿಸಿದ ಉಪಕರಣ ಒಬ್ಬ ಮೇಷ್ಟ್ರ ಡಸ್ಟರಿನ ಧೂಳಿನಿಂದ ಎದ್ದು ಬಂತು ಎಂದರೆ ನಮ್ಮ ಕಸುಬಿನವರಿಗೆ ಹೆಮ್ಮೆಯಲ್ಲವೇ?

ಮೂರು ದಿನದ ಕೆಲಸ ಮೂರು ನಿಮಿಷಕ್ಕೆ ಇಳಿಯಿತು. ಉಳಿದ ಹೊತ್ತು ಎಲ್ಲಿ ಹೋಯಿತು? ನಾನು ಅದನ್ನು ಹುಡುಕಿ ನೋಡಿದ್ದೇನೆ. ಕೂಡುವುದು ಕಷ್ಟವಿದ್ದಾಗ ಆ ಪಟ್ಟಿಯನ್ನು ವರ್ಷಕ್ಕೊಮ್ಮೆ ಕೇಳುತ್ತಿದ್ದರು. ಕೇಳುವ ಅಧಿಕಾರಿಗೂ ಅದು ಮೂರು ದಿನದ ಕೆಲಸವೆಂದು ಗೊತ್ತಿತ್ತು. ಕೇಳುವ ಮೊದಲು ತನಗೆ ನಿಜವಾಗಿಯೂ ಬೇಕೇ ಎಂದು ಯೋಚಿಸುತ್ತಿದ್ದ. ಈಗ ಹುಡುಗರದು ಬೇರೆ, ಹುಡುಗಿಯರದು ಬೇರೆ, ಜಾತಿವಾರು, ವಿಷಯವಾರು, ಕಳೆದ ವರ್ಷಕ್ಕೆ ಹೋಲಿಸಿ ಎಂದು ಬಗೆಬಗೆಯಾಗಿ ಕೇಳುತ್ತಾರೆ. ಮಧ್ಯಾಹ್ನ ಮೂರಕ್ಕೆ ವಾಟ್ಸಾಪಿನಲ್ಲಿ ಸಂದೇಶ ಬರುತ್ತದೆ, ಐದರೊಳಗೆ ಕಳಿಸಬೇಕು. ನಿನ್ನೆ ಕಳಿಸಿದ್ದನ್ನೇ ಇವತ್ತು ಇನ್ನೊಂದು ನಮೂನೆಯಲ್ಲಿ ತುಂಬಬೇಕು. ಸುಲಭವಾದದ್ದನ್ನು ಕೇಳಲು ಯಾರಿಗೂ ಸಂಕೋಚವಿಲ್ಲ. ಕಷ್ಟವೆಂಬುದು ಒಂದು ಬೇಲಿಯಾಗಿತ್ತು, ಆ ಬೇಲಿಯ ಈಚೆ ನಾವು ಪಾಠ ಮಾಡಿಕೊಂಡಿದ್ದೆವು ಎಂಬುದು ಬೇಲಿ ಬಿದ್ದ ಮೇಲೆಯೇ ತಿಳಿದದ್ದು.

ಕೇನ್ಸ್ ಎಂಬ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ 1930ರಲ್ಲಿ ಒಂದು ಪ್ರಬಂಧ ಬರೆದು, ಇನ್ನು ನೂರು ವರ್ಷಕ್ಕೆ ಮನುಷ್ಯ ವಾರಕ್ಕೆ 15 ಗಂಟೆ ದುಡಿದರೆ ಸಾಕಾಗುತ್ತದೆ, ಆಮೇಲೆ ಬಿಡುವನ್ನು ಹೇಗೆ ಕಳೆಯುವುದೆಂಬುದೇ ಅವನ ಚಿಂತೆಯಾಗುತ್ತದೆ ಎಂದಿದ್ದರು. ಪಾಪ, ಅವರಿಗೆ ವಾಟ್ಸಾಪ್ ಗುಂಪುಗಳ ಕಲ್ಪನೆ ಇರಲಿಲ್ಲ.

ನಮ್ಮ ಸೀಮೆಯಲ್ಲಿ ಕಾವಲುಗಳಿವೆ. ಚಳ್ಳಕೆರೆ ಕಡೆ ಹೋದವರಿಗೆ ಗೊತ್ತು, ಕಣ್ಣಿಗೆ ಆನುವಷ್ಟು ದೂರ ಹುಲ್ಲುಗಾವಲು. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆಂದು ಬಿಟ್ಟ ನೆಲ. ಸುತ್ತಲ ಹಳ್ಳಿಯ ಕುರಿ ದನ ಮೇಯುತ್ತಿದ್ದುದೂ ಅಲ್ಲೇ, ನಮ್ಮ ಕರಿ ಕಂಬಳಿಯ ಉಣ್ಣೆ ಬೆಳೆಯುತ್ತಿದ್ದುದೂ ಅಲ್ಲೇ. 2010ರ ಆಸುಪಾಸಿನಲ್ಲಿ ಅದರಲ್ಲಿ ಸಾವಿರಾರು ಎಕರೆ ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳಿಗೆ ಮಂಜೂರಾಯಿತು. ಅದರ ಸರಿತಪ್ಪಿನ ಚರ್ಚೆ ಇಲ್ಲಿ ಬೇಡ. ನನ್ನ ಮನಸ್ಸಿನಲ್ಲಿ ನಿಂತದ್ದು ಆಗ ಬಹಳ ಕೇಳಿಬರುತ್ತಿದ್ದ ಒಂದು ಮಾತು: “ಖಾಲಿ ಬಿದ್ದಿತ್ತಲ್ಲ.” ಕುರಿ ಕಾಯುವವನಿಗೆ ಅದು ಖಾಲಿಯಲ್ಲ. ಕಾಗದದಲ್ಲಿ ಅದು ಖಾಲಿ.

ಹೆಂಗಸಿನ ಹೊತ್ತೂ ಹೀಗೇ ಎಂದು ನನಗೆ ಆಗಾಗ ಅನ್ನಿಸುತ್ತದೆ. ಗಂಡಸಿನ ಕೆಲಸ ಬೇಗ ಮುಗಿದರೆ ಉಳಿದದ್ದು ಅವನ ಸ್ವಂತ ಪಟ್ಟಾ ಜಮೀನು, ಕಟ್ಟೆಗೆ ಹೋಗಿ ಕೂರಬಹುದು. ನಮ್ಮದು ಕಾವಲು. ಸ್ವಲ್ಪ ಖಾಲಿ ಕಂಡರೆ ಯಾರೋ ಒಬ್ಬರು ಬಂದು ಮಂಜೂರು ಮಾಡಿಸಿಕೊಳ್ಳುತ್ತಾರೆ. ಸಂಬಳದ ಬಿಲ್ಲು ಫೋನಿನಲ್ಲೇ ನೋಡಬಹುದು, ಕರೆಂಟಿನ ಹಣ ಮನೆಯಲ್ಲೇ ಕಟ್ಟಬಹುದು ಎಂದಾದ ಮೇಲೆ ಆ ಕೆಲಸಗಳೆಲ್ಲ ನಮ್ಮ ಮನೆಯಲ್ಲಿ ನನ್ನ ಪಾಲಿಗೆ ಬಂದವು. ಮೊದಲು ಸಾಲಿನಲ್ಲಿ ನಿಂತು ಕಟ್ಟಿ ಬರುತ್ತಿದ್ದವರು ನಮ್ಮ ಯಜಮಾನರು. “ನಿನಗೆ ಕಂಪ್ಯೂಟರ್ ಬರುತ್ತಲ್ಲ” ಎಂದರು, ಅಷ್ಟೆ.

ಇಷ್ಟು ಹೇಳಿದ್ದರಿಂದ ನಾನು ಕಂಪ್ಯೂಟರಿನ ವಿರೋಧಿ ಎಂದುಕೊಳ್ಳಬೇಡಿ. ಕೆ.ಪಿ. ರಾವ್ ಅವರು ಹೊಂದಿಸಿಕೊಟ್ಟ ಕೀಲಿಮಣೆಯ ಕ್ರಮದಲ್ಲಿ ನಾನು ಕನ್ನಡ ಬೆರಳಚ್ಚು ಕಲಿತೆ. ಇಂಗ್ಲಿಷಿನ 26 ಕೀಲಿಗಳಲ್ಲೇ ನಮ್ಮ ಅಷ್ಟೂ ಕಾಗುಣಿತ, ಒತ್ತಕ್ಷರಗಳು ಕೂರುತ್ತವೆ. ಒತ್ತು ಕೊಡಲು ನಡುವೆ ‘ಎಫ್’ ಒತ್ತಬೇಕು ಎಂಬ ಗುಟ್ಟು ತಿಳಿದ ದಿನ ಮಗುವಿನಂತೆ ‘ಅಕ್ಕ’, ‘ಅಜ್ಜ’, ‘ಅಣ್ಣ’ ಎಂದು ಪುಟ ತುಂಬಿಸಿದ್ದೆ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಆಮೇಲೆ ಬಂತು. ಇವು ಇಲ್ಲದಿದ್ದರೆ ಹಳ್ಳಿಯ ಶಾಲೆಯ ಪ್ರಶ್ನೆಪತ್ರಿಕೆ ಇಂದಿಗೂ ಸ್ಟೆನ್ಸಿಲ್ಲಿನ ಮಸಿಯಲ್ಲೇ ಇರುತ್ತಿತ್ತೋ ಏನೋ. ನನಗೆ ಪರಿಚಯದ ಒಬ್ಬ ಅಂಧ ಶಿಕ್ಷಕರಿದ್ದಾರೆ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ತೆರೆಯ ಮೇಲಿನ ಕನ್ನಡವನ್ನು ಅವರಿಗೆ ಓದಿ ಹೇಳುತ್ತದೆ. ಮೊದಲು ಒಂದು ಸುತ್ತೋಲೆಗೂ ಯಾರದೋ ಬಿಡುವು ಕಾಯಬೇಕಿತ್ತು, ಈಗ ಯಾರ ಹಂಗೂ ಇಲ್ಲ. ಅವರ ಹೊತ್ತು ಅವರಿಗೇ ಉಳಿದಿದೆ. ಅವರ ಮುಂದೆ ನನ್ನ ಗೊಣಗಾಟ ನಡೆಯುವುದಿಲ್ಲ.

ನನ್ನನ್ನು ನಿಜವಾಗಿ ಕಾಡಿದ ಪ್ರಶ್ನೆ ಹೊತ್ತಿನದಲ್ಲ, ಪ್ರಗತಿಪತ್ರದ್ದು.

ಪ್ರಗತಿಪತ್ರದ ಕೊನೆಗೆ ‘ತರಗತಿ ಶಿಕ್ಷಕರ ಅಭಿಪ್ರಾಯ’ ಎಂದು ಒಂದು ಸಾಲು ಇರುತ್ತದೆ. ಅಂಕಗಳನ್ನು ಓದಲು ಬಾರದ ತಾಯಂದಿರಿಗೂ ಆ ಸಾಲು ಬಹಳ ಮುಖ್ಯ. ಶೇಂಗಾ ಬಿಡಿಸುವ ಕೂಲಿಗೆ ಹೋಗುವವರು, ಮಗ್ಗದ ಮನೆಯವರು ಸಹಿ ಹಾಕಲು ಬಂದಾಗ, “ಏನ್ ಬರ್ದೀರಿ ಮೇಡಮ್ಮೋರೇ, ಒಸಿ ಓದಿ ಹೇಳ್ರಿ” ಎಂದು ಕೇಳುತ್ತಾರೆ. ಹಿಂದೆ ಕೆಲವು ಶಾಲೆಗಳಲ್ಲಿ ಇದಕ್ಕೆ ‘ತೃಪ್ತಿಕರ’ ಎಂಬ ರಬ್ಬರ್ ಮುದ್ರೆ ಇರುತ್ತಿತ್ತು. ಆಮೇಲೆ ಕಂಪ್ಯೂಟರಿನಲ್ಲಿ ನಾಲ್ಕು ಮಾತಿನ ಪಟ್ಟಿ ಬಂತು, ಒಂದನ್ನು ಆರಿಸಿದರೆ ಆಯಿತು. ಆಗ ಒಬ್ಬ ತಾಯಿ ತನ್ನ ಮಗಳದನ್ನು ಓದಿಸಿಕೊಂಡು, ಪಕ್ಕದ ಮನೆಯ ಹುಡುಗನದನ್ನೂ ಓದಿಸಿಕೊಂಡು, “ಇಬ್ಬರದೂ ಒಂದೇ ಐತಲ್ರೀ” ಎಂದು ನಕ್ಕಿದ್ದುಂಟು.

ಈಗ ಅಂಥ ತಾಯಿ ಹಿಡಿಯಲಾರಳು. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದಿತಲ್ಲ, ನಮ್ಮ ಶಾಲೆಗೆ ಹೊಸದಾಗಿ ಬಂದ ಕಿರಿಯ ಶಿಕ್ಷಕಿ ಅದಕ್ಕೆ 43 ಮಕ್ಕಳ ಅಂಕ, ಹಾಜರಿ ಕೊಟ್ಟು ಒಬ್ಬೊಬ್ಬರಿಗೂ ಎರಡೆರಡು ಸಾಲು ಬರೆಸಿಬಿಟ್ಟಳು. ಹತ್ತು ನಿಮಿಷದ ಕೆಲಸ. ಒಬ್ಬರದು ಇನ್ನೊಬ್ಬರಂತಿಲ್ಲ. ಭಾಷೆ ಒಂದಿಷ್ಟು ಪುಸ್ತಕದಂತಿದ್ದರೂ ಮಾತು ಮೃದುವಾಗಿವೆ, ಪ್ರೋತ್ಸಾಹವಿದೆ. ಓದಿ ನನಗೆ ಮೈ ಜುಂ ಎಂದಿತು. ಅಷ್ಟೂ ಮಾತುಗಳ ಹಿಂದೆ ಆ ಮಗುವನ್ನು ನೆನೆದವರು ಒಬ್ಬರೂ ಇಲ್ಲ.

ಇದು ಸುಳ್ಳೇ? ನಾನು ಅವಳನ್ನು ಕೇಳಿದೆ. ಹುಡುಗಿ ಬಾಯಿಗೆ ಬಂದಂತೆ ಉತ್ತರ ಕೊಡುವವಳಲ್ಲ. ಯೋಚಿಸಿ ಹೇಳಿದಳು: “ಅಕ್ಕಾ, ಇದರಲ್ಲಿ ಒಂದಾದರೂ ಸುಳ್ಳು ಇದೆಯಾ ನೋಡಿ. ಗಣಿತದಲ್ಲಿ ಕಡಿಮೆ ಅಂಕ ಬಂದವರಿಗೆ ಗಣಿತ ಅಭ್ಯಾಸ ಮಾಡು ಅಂದಿದೆ. ಕೈಯಲ್ಲಿ ಬರೆದರೂ ಅದನ್ನೇ ಬರೀತಿದ್ದೆ. ಎರಡು ಸಂಜೆ ಉಳೀತು. ಆ ಎರಡು ಸಂಜೆ ನಾನು ಎಂಟನೇ ಕ್ಲಾಸಿನಲ್ಲಿ ಅಕ್ಷರ ಕೂಡಿಸಲಾರದ ಆ ಮೂವರನ್ನು ಕೂರಿಸಿಕೊಂಡಿದ್ದೆ.”

ಅವಳು ಕೂರಿಸಿಕೊಂಡದ್ದನ್ನು ನಾನೇ ನೋಡಿದ್ದೇನೆ. ಆದ್ದರಿಂದ ಆಕೆಯ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಉಳಿದ ಹೊತ್ತು ಈ ಒಂದು ಸಲವಾದರೂ ಸರಿಯಾದವರ ಪಾಲಿಗೆ ಹೋಗಿತ್ತು. ಆದರೂ ಒಳಗೆ ಏನೋ ಒಪ್ಪಲಿಲ್ಲ. ಏನು ಒಪ್ಪಲಿಲ್ಲ ಎಂದು ತಿಳಿಯಲು ನನಗೆ ವಾರವೇ ಹಿಡಿಯಿತು.

ಶೇಂಗಾ ಮಂಡಿಯಲ್ಲಿ ರೈತನಿಗೆ ತೂಕದ ಚೀಟಿ ಕೊಡುತ್ತಾರೆ. ಚೀಟಿಯನ್ನು ಕೈಯಲ್ಲಿ ಬರೆದರೂ ಒಂದೇ, ಯಂತ್ರ ಮುದ್ರಿಸಿದರೂ ಒಂದೇ. ಕೈಬರಹದ ಚೀಟಿಯೇ ಬೇಕೆಂದು ಹಟ ಹಿಡಿದರೆ ಅದು ಬರೀ ಹಳೆಯ ಕಾಲದ ಮೋಹ. ಆದರೆ ಚೀಲವನ್ನು ತಕ್ಕಡಿಗೆ ಹಾಕದೆಯೇ, ಚೀಲದ ಗಾತ್ರ ನೋಡಿ ಇಷ್ಟಿರಬಹುದೆಂದು ಚೀಟಿ ಕೊಟ್ಟರೆ? ಅಂಕಿ ಸರಿಯಿದ್ದರೂ ಇರಬಹುದು, ಕಿಲೋ ಅರ್ಧ ಕಿಲೋ ವ್ಯತ್ಯಾಸವಷ್ಟೆ. ಆದರೂ ರೈತ ಒಪ್ಪುವುದಿಲ್ಲ, ಒಪ್ಪಬಾರದು. ಚೀಟಿ ಎಂದರೆ ‘ತೂಗಿದ್ದೇನೆ’ ಎಂಬ ಮಾತು. ಪ್ರಗತಿಪತ್ರದ ಆ ಸಾಲೂ ಅಷ್ಟೆ. ತಾಯಿ ಕೇಳುವುದು ವಾಕ್ಯವನ್ನಲ್ಲ. ಇಷ್ಟು ದೊಡ್ಡ ಶಾಲೆಯಲ್ಲಿ ತನ್ನ ಕೂಸನ್ನು ಒಬ್ಬರು ನೋಡಿದ್ದಾರೆಯೇ ಎಂದು ಕೇಳುತ್ತಾಳೆ. ಅಂಕವನ್ನು ಯಂತ್ರವೂ ನೋಡಬಲ್ಲದು. ಅಂಕ ಈಗಾಗಲೇ ಅದೇ ಹಾಳೆಯ ಮೇಲ್ಭಾಗದಲ್ಲಿದೆ, ಅದನ್ನೇ ಮಾತಿನಲ್ಲಿ ಮತ್ತೆ ಹೇಳಿದರೆ ಅವಳಿಗೆ ಸಿಕ್ಕಿದ್ದೇನು?

ಇದನ್ನೇ ಆ ಹುಡುಗಿಗೆ ಹೇಳಿದೆ. “ಬರೆಯುವುದನ್ನು ಅದೇ ಬರೆಯಲಿ. ನೀನು ಒಬ್ಬೊಬ್ಬರ ಬಗ್ಗೆ ಅಂಕದಲ್ಲಿ ಇಲ್ಲದ ಒಂದು ಸಂಗತಿಯನ್ನು ಮಾತ್ರ ಕೊಡು. ನೀನು ಕಣ್ಣಾರೆ ಕಂಡದ್ದು.” ಅವಳು ಅಂದೇ ಪಟ್ಟಿ ಹಿಡಿದು ಕುಳಿತಳು. ಒಬ್ಬ ಹುಡುಗ ಊಟದ ತಟ್ಟೆಗಳನ್ನು ಯಾರೂ ಹೇಳದೆ ಜೋಡಿಸುತ್ತಾನೆ. ಒಬ್ಬಳು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಅವಸರದಲ್ಲಿ ಎರಡನ್ನೂ ಸೇರಿಸಿ ಹೊಸ ಮಾತು ಕಟ್ಟುತ್ತಾಳೆ. ಹೀಗೆ 34 ಮಕ್ಕಳಾದರು. ಉಳಿದ ಒಂಬತ್ತು ಹೆಸರುಗಳ ಮುಂದೆ ಪೆನ್ನು ನಿಂತಿತು. ತುಂಟರಲ್ಲ, ಜಾಣರಲ್ಲ, ದಡ್ಡರಲ್ಲ. ನಡುವಿನ ಸಾಲಿನಲ್ಲಿ ಸದ್ದಿಲ್ಲದೆ ಕೂರುವವರು. “ಅಕ್ಕಾ, ಇವರ ಬಗ್ಗೆ ನನಗೆ ಏನೂ ಗೊತ್ತಿಲ್ಲ” ಎಂದಳು. ಗಮನಿಸಿ, ಚಾಟ್‌ಜಿಪಿಟಿಗೆ ಆ ಒಂಬತ್ತು ಮಕ್ಕಳ ಬಗ್ಗೆ ಬರೆಯಲು ಏನೂ ಕಷ್ಟವಾಗಿರಲಿಲ್ಲ. ಅಲ್ಲಿ ಪೆನ್ನು ನಿಲ್ಲುವುದೇ ಇಲ್ಲ. ಮರುವಾರ ಅವಳು ಪಾಠ ಮಾಡುವಾಗ ಹಲಗೆಯ ಹತ್ತಿರ ಕಡಿಮೆ, ನಡುವಿನ ಸಾಲಿನ ಹತ್ತಿರ ಹೆಚ್ಚು ನಿಲ್ಲುತ್ತಿದ್ದುದನ್ನು ಕಿಟಕಿಯಿಂದ ಕಂಡೆ.

ಉಪಕರಣಕ್ಕೆ ಏನನ್ನು ಬಿಡಬೇಕು, ಏನನ್ನು ಬಿಡಬಾರದು ಎಂಬುದು ನಮ್ಮ ಮೊಳಕಾಲ್ಮುರಿನ ನೇಕಾರರಿಗೆ ಹೊಸ ಪ್ರಶ್ನೆಯೇನಲ್ಲ. ಸೀರೆಯ ಅಂಚಿನಲ್ಲಿ ನವಿಲು, ಗಿಳಿ, ಮಾವಿನಕಾಯಿ ಎದ್ದು ಬರಬೇಕಾದರೆ ಯಾವ ಎಳೆ ಯಾವಾಗ ಏಳಬೇಕೆಂಬುದನ್ನು ಯಾರಾದರೂ ನೆನಪಿಟ್ಟುಕೊಳ್ಳಬೇಕು. ಫ್ರಾನ್ಸಿನ ಜಕಾರ್ಡ್ 1804ರಲ್ಲಿ ಆ ನೆನಪನ್ನು ತೂತು ಕೊರೆದ ರಟ್ಟಿನ ಪಟ್ಟಿಗಳಿಗೆ ಒಪ್ಪಿಸಿದ. ತೂತು ಇದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು. ಇಂಥ ಪಟ್ಟಿಗಳೇ ಮುಂದೆ ಲೆಕ್ಕದ ಯಂತ್ರಗಳಿಗೆ ಹೋದವು, 1890ರ ಅಮೆರಿಕದ ಜನಗಣತಿಯನ್ನು ಎಣಿಸಿದವು. ಈಗಿನ ಕಂಪ್ಯೂಟರಿನ ಅಜ್ಜಿಮನೆ ಮಗ್ಗವೇ ಎನ್ನಬೇಕು. ಆದರೆ ಪಟ್ಟಿ ನವಿಲನ್ನು ನೆನಪಿಟ್ಟುಕೊಳ್ಳುತ್ತದೆ, ಎಳೆ ಹರಿದದ್ದು ಅದಕ್ಕೆ ಕಾಣುವುದಿಲ್ಲ. ಅದಕ್ಕೆ ಮಗ್ಗದ ಮುಂದೆ ಒಂದು ಜೋಡಿ ಕಣ್ಣು ಇರಲೇಬೇಕು.

ಬ್ರಹ್ಮಗಿರಿಯ ಬಂಡೆಯನ್ನೂ ಇಲ್ಲಿ ನೆನೆಯುತ್ತೇನೆ. ವರ್ಷಕ್ಕೊಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವುದು ನನ್ನ ಪಾಲಿನ ಕೆಲಸ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಶಾಸನ ಅದು. ಅದೇ ಒಕ್ಕಣೆ ಹತ್ತಿರದ ಸಿದ್ದಾಪುರದಲ್ಲೂ ಇದೆ, ಜಟಿಂಗ ರಾಮೇಶ್ವರ ಬೆಟ್ಟದಲ್ಲೂ ಇದೆ. ಬೆಟ್ಟದ ಮೇಲಿನದು ಬಹಳ ಸವೆದಿದೆ. ತಮಾಷೆಯೆಂದರೆ, ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿದ ಔಪಚಾರಿಕ ಮಾತನ್ನೂ ಬಿಡದೆ ಕಲ್ಲಿನಲ್ಲಿ ಕೊರೆದಿದ್ದಾರೆ. ಮೇಲಿನಿಂದ ಬಂದ ಸಂದೇಶವನ್ನು ಹಾಗೆಹಾಗೇ ಮುಂದಕ್ಕೆ ಕಳಿಸುವ ನಮ್ಮ ಪದ್ಧತಿಗೆ ಎರಡು ಸಾವಿರ ವರ್ಷಕ್ಕೂ ಮೀರಿದ ಇತಿಹಾಸವಿದೆ ಎಂದು ಮಕ್ಕಳಿಗೆ ಹೇಳಿದರೆ ನಗುತ್ತಾರೆ. ತಾಯಿತಂದೆಯರ ಸೇವೆ ಮಾಡಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂಬ ಭಾವ ಅದರಲ್ಲಿದೆ. ಕೊನೆಯದನ್ನು ನಾನೇ ಹೇಳಬೇಕಾಗಿ ಬಂದಾಗ ಸಂಕೋಚದಿಂದ ದನಿ ತಗ್ಗುತ್ತದೆ.

ಆ ಶಾಸನವನ್ನು ಬರೆದವನು ಚಪಡ. ಮಾತು ಅವನದಲ್ಲ, ರಾಜನದು. ಅವನು ನಕಲು ಮಾಡಿದವನು. ಆದರೂ ಕೊನೆಯಲ್ಲಿ ಚಪಡ ಬರೆದದ್ದು ಎಂದು ಹೆಸರು ಹಾಕಿದ್ದಾನೆ. ಅಷ್ಟೂ ಶಾಸನ ಬ್ರಾಹ್ಮಿಯಲ್ಲಿದ್ದರೆ ‘ಲಿಪಿಕಾರ’ ಎಂಬ ಒಂದು ಮಾತನ್ನು ಮಾತ್ರ ವಾಯವ್ಯ ಸೀಮೆಯ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಅದನ್ನು ಇಲ್ಲಿ ಓದಬಲ್ಲವರು ಆಗಲೂ ಎಷ್ಟಿದ್ದರೋ! ಬೇರೆಯವರ ಮಾತನ್ನು ಬರೆಯುವುದು ಕೀಳಲ್ಲ, ಅದರ ಕೆಳಗೆ ‘ಇದು ನನ್ನ ಕೈ’ ಎಂದು ನಿಲ್ಲುವವನೊಬ್ಬ ಬೇಕು ಎಂದು ಆ ಬಂಡೆಯ ಮುಂದೆ ನಿಂತಾಗ ನನಗನ್ನಿಸುತ್ತದೆ. ಪ್ರಗತಿಪತ್ರದಲ್ಲೂ ಅಭಿಪ್ರಾಯದ ಕೆಳಗೆ ಸಹಿಗೆಂದು ಒಂದು ಗೆರೆ ಇರುವುದನ್ನು ಆ ಹುಡುಗಿಗೆ ತೋರಿಸಿದೆ.

ಮನೆಯ ವಿಷಯಕ್ಕೆ ಬರುತ್ತೇನೆ. ನನ್ನ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಪ್ರತಿ ಭಾನುವಾರ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಫೋನು ಮಾಡುತ್ತಾಳೆ. ಕಳೆದ ದೀಪಾವಳಿಗೆ ಅವಳು ಬಂದಿದ್ದಾಗ ಅವಳ ಫೋನಿನ ಕ್ಯಾಲೆಂಡರು ಕಣ್ಣಿಗೆ ಬಿತ್ತು. ಭಾನುವಾರದ ಸಾಲಿನಲ್ಲಿ ‘ಅಮ್ಮ’ ಎಂದಿತ್ತು, ಪಕ್ಕದಲ್ಲಿ ಎಂಟರಿಂದ ಎಂಟು ಇಪ್ಪತ್ತು. ಅದರ ಕೆಳಗೆ ಬಟ್ಟೆ ಇಸ್ತ್ರಿ. ಒಂದು ಗಳಿಗೆ ಮನಸ್ಸು ಮುದುಡಿತು. ಯಂತ್ರ ನೆನಪಿಸಿದ್ದಕ್ಕೆ ನನಗೆ ಫೋನು ಬರುತ್ತಿದೆಯೇ?

ಆಮೇಲೆ ನಮ್ಮವ್ವ ನೆನಪಾದಳು. ಮರೆಯಬಾರದ ಕೆಲಸವಿದ್ದರೆ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ನನ್ನ ಪರೀಕ್ಷೆಯ ಫೀಸಿಗೂ ಗಂಟು, ನನಗೆ ಹೂವು ತರುವುದಕ್ಕೂ ಗಂಟು. ಗಂಟು ಹಾಕಿಕೊಂಡಳೆಂದು ಅವಳ ಪ್ರೀತಿ ಕಡಿಮೆಯೆಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ. ನನ್ನ ಹೆಸರಿನದೊಂದು ಗಂಟು ಇದೆ ಎಂದು ಹಿಗ್ಗುತ್ತಿದ್ದೆ. ಹತ್ತಾರು ಕಡೆಯಿಂದ ಎಳೆದಾಡುವ ಕೆಲಸದ ನಡುವೆ ಮಗಳು ನನಗೊಂದು ಗಂಟು ಹಾಕಿಟ್ಟಿದ್ದಾಳೆ, ಅದಕ್ಕೆ ಬೇಸರವೇಕೆ? ಇಷ್ಟನ್ನು ಒಪ್ಪಿಕೊಂಡೆ. ಒಂದು ವ್ಯತ್ಯಾಸ ಮಾತ್ರ ಉಳಿಯಿತು. ಸೆರಗಿನ ಗಂಟು ಯಾವಾಗ ಶುರು ಮಾಡಬೇಕೆಂದು ನೆನಪಿಸುತ್ತಿತ್ತು. ಯಾವಾಗ ಮುಗಿಸಬೇಕೆಂದು ಹೇಳುತ್ತಿರಲಿಲ್ಲ.

ಇದನ್ನೂ ಅವಳಿಗೆ ಹೇಳಿದೆ. ಮಗಳು ನಕ್ಕು, “ಅಮ್ಮಾ, ಇಪ್ಪತ್ತು ನಿಮಿಷ ಅಂತ ಹಾಕದಿದ್ದರೆ ಆಫೀಸಿನವರು ಆ ಜಾಗ ಖಾಲಿ ಇದೆ ಅಂದುಕೊಂಡು ಮೀಟಿಂಗ್ ಇಡ್ತಾರೆ, ಭಾನುವಾರ ಅಂತಾನೂ ನೋಡಲ್ಲ” ಎಂದಳು. ಹಾಗಾದರೆ ಅದು ನನಗೆ ಹಾಕಿದ ಮಿತಿಯಲ್ಲ, ನನ್ನ ಸುತ್ತ ಹಾಕಿದ ಬೇಲಿ. ಕಾವಲಿನ ಒಂದು ತುಂಡಿಗೆ ನನ್ನ ಹುಡುಗಿ ತಾನೇ ಬೇಲಿ ಹಾಕಿಕೊಂಡಿದ್ದಾಳೆ.

ಹೋದ ಭಾನುವಾರ ಮಾತಿನ ನಡುವೆ ಅವಳ ಕಡೆ ಟಿಂಗ್ ಎಂದು ಸದ್ದಾಯಿತು. “ಏನೇ ಅದು?” ಎಂದೆ. “ಇಸ್ತ್ರಿಯಮ್ಮಾ, ಇರಲಿ. ಆ ನಡುವಿನ ಸಾಲಿನ ಮಕ್ಕಳು ಏನಾದರು ಹೇಳು” ಎಂದಳು. ಹೇಳಿದೆ. ಒಂಬತ್ತರಲ್ಲಿ ಒಬ್ಬ ಹುಡುಗ ಕುರಿಗಳ ಕಿವಿ ನೋಡಿ ಯಾವುದು ಯಾರ ಮನೆಯದೆಂದು ಹೇಳುತ್ತಾನಂತೆ, ಇನ್ನೂರು ಕುರಿಯಾದರೂ.